ರೂಟ್ ಆಗಿದ್ದರೂ ‘ಅನುಮತಿ ಇಲ್ಲ’: ಡೆಡ್‌ಲೈನ್ ಟಾಸ್ಕನ್ನು ಒಂದೇ ಕೋರ್‌ಗೆ ಕಟ್ಟುವುದು ಹೇಗೆ?

ಲೂಪ್ ಬರೆಯುವವ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೇನೆ, ದಯವಿಟ್ಟು ದಾರಿ ತೋರಿಸಿ.

ನನ್ನ ಹತ್ತಿರ ಇರುವುದು ನಾಲ್ಕು ಕೋರ್‌ಗಳ ಬೋರ್ಡ್, ಅದರಲ್ಲಿ ಲಿನಕ್ಸ್. ಮೋಟಾರ್ ನಡೆಸುವ ಒಂದು ಥ್ರೆಡ್ ಇದೆ. ಅದು ಪ್ರತಿ 10 ಮಿಲಿಸೆಕೆಂಡ್‌ಗೆ ಎದ್ದು ಸೆನ್ಸರ್ ಓದಬೇಕು, ಲೆಕ್ಕ ಮಾಡಬೇಕು, ಮೋಟಾರ್‌ಗೆ ಹೊಸ ಬೆಲೆ ಕೊಡಬೇಕು. ಒಟ್ಟು ಸುಮಾರು 2 ಮಿ.ಸೆ. ಕೆಲಸ. ಜೊತೆಗೆ ಮೂರು ಕ್ಯಾಮೆರಾ ಥ್ರೆಡ್‌ಗಳಿವೆ. ಒಂದೊಂದಕ್ಕೂ 33 ಮಿ.ಸೆ.ಗೆ ಒಂದು ಫ್ರೇಮ್ ಬರುತ್ತದೆ, ಒಂದು ಫ್ರೇಮಿಗೆ 20 ಮಿ.ಸೆ. ಕೆಲಸ. ಕೊನೆಗೆ ಸ್ಥಿತಿ ವರದಿ ಕಳಿಸುವ ಚಿಕ್ಕ ಥ್ರೆಡ್, 20 ಮಿ.ಸೆ.ಗೆ ಒಮ್ಮೆ 1 ಮಿ.ಸೆ.

ಮೋಟಾರ್ ಥ್ರೆಡ್‌ಗೆ ಯಾರೂ ಅಡ್ಡ ಬರಬಾರದು ಅಂತ ಟಾಸ್ಕ್‌ಸೆಟ್ (ಥ್ರೆಡ್ ಯಾವ ಕೋರ್‌ನಲ್ಲಿ ಓಡಬೇಕು ಅಂತ ಹೇಳುವ ಕಮಾಂಡ್) ಬಳಸಿ ಅದನ್ನು 3ನೇ ಕೋರ್‌ಗೆ (0ಯಿಂದ ಎಣಿಸಿದರೆ ಕೊನೆಯದು) ಕಟ್ಟಿದೆ. ಆಮೇಲೆ ಶೆಡ್_ಡೆಡ್‌ಲೈನ್ ಪಾಲಿಸಿ (ಗಡುವು ನೋಡಿ ಓಡಿಸುವ ನಿಯಮ) ಕೊಡಲು ಹೋದರೆ ‘ಅನುಮತಿ ಇಲ್ಲ’ ಎನ್ನುತ್ತದೆ. ನಾನು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿಯೇ ಇದ್ದೇನೆ! ಕ್ರಮ ತಿರುಗಿಸಿ ನೋಡಿದೆ. ಮೊದಲು ಡೆಡ್‌ಲೈನ್ ಕೊಟ್ಟರೆ ಸರಿಯಾಗಿ ಆಗುತ್ತದೆ. ಆಮೇಲೆ ಕೋರ್‌ಗೆ ಕಟ್ಟಲು ಹೋದರೆ ಈ ಸಲ ‘ಬ್ಯುಸಿ’ ಎಂಬ ದೋಷ. ಎರಡೂ ಒಟ್ಟಿಗೆ ಆಗುವುದೇ ಇಲ್ವಾ?

ಹಳೆ ಟರ್ಮಿನಲ್

ಆಗುತ್ತದೆ, ಆದರೆ ಟಾಸ್ಕ್‌ಸೆಟ್‌ನಿಂದ ಅಲ್ಲ. ನಿಮಗೆ ಬಂದ ದೋಷಕ್ಕೂ ರೂಟ್ ಅಧಿಕಾರಕ್ಕೂ ಸಂಬಂಧ ಇಲ್ಲ. ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ನಿಯಮ ಹೀಗಿದೆ: ಡೆಡ್‌ಲೈನ್ ಟಾಸ್ಕ್ ತಾನಿರುವ ‘ರೂಟ್ ಡೊಮೇನ್’ನ, ಅಂದರೆ ಕರ್ನಲ್ ಒಟ್ಟಾಗಿ ನೋಡುವ ಕೋರ್‌ಗಳ ಗುಂಪಿನ, ಎಲ್ಲ ಕೋರ್‌ಗಳಲ್ಲೂ ಓಡಲು ಸಿದ್ಧ ಇರಬೇಕು. ಅಫಿನಿಟಿ ಮಾಸ್ಕ್ (ಓಡಬಹುದಾದ ಕೋರ್‌ಗಳ ಪಟ್ಟಿ) ಅದಕ್ಕಿಂತ ಚಿಕ್ಕದಾಗಿದ್ದರೆ ಪಾಲಿಸಿ ಕೊಡುವಾಗ ‘ಅನುಮತಿ ಇಲ್ಲ’ ಬರುತ್ತದೆ. ಪಾಲಿಸಿ ಇದ್ದಮೇಲೆ ಮಾಸ್ಕ್ ಚಿಕ್ಕದು ಮಾಡಲು ಹೋದರೆ ‘ಬ್ಯುಸಿ’ ಬರುತ್ತದೆ. ನೀವು ಒಂದೇ ಗೋಡೆಯನ್ನು ಎರಡು ಕಡೆಯಿಂದ ಮುಟ್ಟಿದ್ದೀರಿ.

ದಾರಿ ಇರುವುದು ಸಿಪಿಯುಸೆಟ್‌ನಲ್ಲಿ, ಅಂದರೆ ಕೋರ್‌ಗಳನ್ನು ಗುಂಪುಗಳಿಗೆ ಹಂಚುವ ಕರ್ನಲ್ ಸೌಲಭ್ಯದಲ್ಲಿ. ಟಾಸ್ಕನ್ನು ಕಟ್ಟುವ ಬದಲು ಡೊಮೇನನ್ನೇ ಚಿಕ್ಕದು ಮಾಡಬೇಕು.

ಶಾರ್ಟ್‌ಕಟ್

ಅಷ್ಟೆಲ್ಲ ಯಾಕೆ? ಕರ್ನಲ್‌ನ ‘ಶೆಡ್_ಆರ್‌ಟಿ_ರನ್‌ಟೈಮ್_ಯುಎಸ್’ ಬೆಲೆಯನ್ನು ಮೈನಸ್ 1 ಮಾಡಿ. ಆ ತಪಾಸಣೆ ನಿಂತುಹೋಗುತ್ತದೆ, ಟಾಸ್ಕ್‌ಸೆಟ್ ಕೂಡ ಕೆಲಸ ಮಾಡುತ್ತದೆ. ನಾನು ಹಾಗೇ ಮಾಡಿದ್ದೇನೆ.

ಗಡುವು ಗಣಿತ

ಮೈನಸ್ 1 ಮಾಡಿದರೆ ಟಾಸ್ಕ್‌ಸೆಟ್ ಕೆಲಸ ಮಾಡುವುದು ನಿಜ. ಆದರೆ ಮೋಟಾರ್ ತಿರುಗಿಸುವವರಿಗೆ ಅದನ್ನು ಹೇಳಬೇಡಿ ಅಂತ ಕೇಳಿಕೊಳ್ಳುತ್ತೇನೆ. ಆ ತಪಾಸಣೆ ಯಾಕಿದೆ ಅಂತ ಹೇಳಿದರೆ ಒಪ್ಪುತ್ತೀರಿ ಅನ್ನಿಸುತ್ತದೆ.

ಡೆಡ್‌ಲೈನ್ ಪಾಲಿಸಿ ಕೇಳುವಾಗ ನೀವು ಮೂರು ಸಂಖ್ಯೆ ಕೊಡುತ್ತೀರಿ. ರನ್‌ಟೈಮ್, ಅಂದರೆ ಒಂದು ಸಲಕ್ಕೆ ಎಷ್ಟು ಸಿಪಿಯು ಸಮಯ ಬೇಕು. ಡೆಡ್‌ಲೈನ್, ಅಂದರೆ ಎಷ್ಟರೊಳಗೆ ಆ ಸಮಯ ಸಿಗಬೇಕು. ಪೀರಿಯಡ್, ಅಂದರೆ ಎಷ್ಟು ಹೊತ್ತಿಗೊಮ್ಮೆ. ಕರ್ನಲ್ ಒಪ್ಪಿಕೊಂಡರೆ ಅದು ನಿಮಗೆ ಮಾತು ಕೊಟ್ಟ ಹಾಗೆ. ಮಾತು ಕೊಡುವ ಮುಂಚೆ ಅದು ಒಂದು ಲೆಕ್ಕ ಮಾಡುತ್ತದೆ. ಡೊಮೇನ್‌ನಲ್ಲಿರುವ ಎಲ್ಲ ಡೆಡ್‌ಲೈನ್ ಟಾಸ್ಕ್‌ಗಳ ರನ್‌ಟೈಮನ್ನು ಪೀರಿಯಡ್‌ನಿಂದ ಭಾಗಿಸಿ ಕೂಡಿಸುತ್ತದೆ. ಮೊತ್ತ, ಕೋರ್‌ಗಳ ಸಂಖ್ಯೆಯ ಶೇ. 95ನ್ನು ಮೀರಬಾರದು. ನಾಲ್ಕು ಕೋರ್ ಇದ್ದರೆ 3.8. ಆ ಶೇ. 95 ಬರುವುದು ಶಾರ್ಟ್‌ಕಟ್ ಹೇಳಿದ ಅದೇ ಶೆಡ್_ಆರ್‌ಟಿ_ರನ್‌ಟೈಮ್_ಯುಎಸ್ ಬೆಲೆಯಿಂದ: 10 ಲಕ್ಷ ಮೈಕ್ರೋಸೆಕೆಂಡ್‌ಗೆ 9.5 ಲಕ್ಷ.

ಈಗ ಟಾಸ್ಕ್‌ಸೆಟ್‌ಗೆ ಅವಕಾಶ ಇದೆ ಅಂದುಕೊಳ್ಳಿ. ಶೇ. 60 ಬೇಕಾದ ಮೂರು ಟಾಸ್ಕ್‌ಗಳನ್ನು 0ನೇ ಕೋರ್‌ಗೇ ಕಟ್ಟಿದಿರಿ. ಮೊತ್ತ 1.8. ಮಿತಿ 3.8. ಲೆಕ್ಕ ಪಾಸ್! ಆದರೆ ಒಂದು ಕೋರ್ ಶೇ. 180 ಕೆಲಸ ಮಾಡಬೇಕು. ಮಿಕ್ಕ ಮೂರು ಖಾಲಿ ಕೂತಿರುತ್ತವೆ. ಪ್ರತಿ ಟಾಸ್ಕ್‌ಗೂ ತನಗೆ ಬೇಕಾದ ಹಾಗೆ ಮಾಸ್ಕ್ ಇಟ್ಟುಕೊಳ್ಳಲು ಬಿಟ್ಟರೆ ಆ ಒಂದು ಮೊತ್ತಕ್ಕೆ ಅರ್ಥವೇ ಉಳಿಯುವುದಿಲ್ಲ. ಅದಕ್ಕೇ ಕರ್ನಲ್ ಬೇಡ ಅನ್ನುತ್ತದೆ.

ಮೈನಸ್ 1 ಮಾಡಿದಾಗ ಈ ಲೆಕ್ಕವೇ ನಿಂತುಹೋಗುತ್ತದೆ. ಯಾರು ಎಷ್ಟು ಕೇಳಿದರೂ ಒಪ್ಪುತ್ತದೆ. ಅದೂ ಅಲ್ಲದೆ 6.12ಕ್ಕಿಂತ ಹಳೆಯ ಕರ್ನಲ್‌ಗಳಲ್ಲಿ ಇದೇ ಬೆಲೆ ರಿಯಲ್‌ಟೈಮ್ ಟಾಸ್ಕ್‌ಗಳಿಗೂ ಕಡಿವಾಣ. ತಪ್ಪಿ ಒಂದು ಫಿಫೋ (ಸ್ಥಿರ ಆದ್ಯತೆಯ ರಿಯಲ್‌ಟೈಮ್ ಪಾಲಿಸಿ) ಥ್ರೆಡ್ ಲೂಪಿಗೆ ಬಿದ್ದರೆ ಆ ಕೋರ್ ನಿಮ್ಮ ಕೈಗೆ ಮತ್ತೆ ಸಿಗುವುದಿಲ್ಲ.

ಶಾರ್ಟ್‌ಕಟ್

ಒಪ್ಪಿದೆ. ನನ್ನದು ಬರೀ ಅಳತೆ ಮಾಡುವ ಪ್ರಯೋಗ, ಓಡಿದ್ದು ಒಂದೇ ಟಾಸ್ಕ್. ಇವರದ್ದು ಐದು. ಮೊದಲ ಸಲಹೆ ವಾಪಸ್ ತಗೊಳ್ಳುತ್ತೇನೆ.

ಹೊಸ ಓದುಗಿ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಈಗಷ್ಟೇ ಶೆಡ್ಯೂಲರ್ (ಯಾವ ಟಾಸ್ಕ್ ಯಾವಾಗ ಓಡಬೇಕು ಅಂತ ತೀರ್ಮಾನಿಸುವ ಕರ್ನಲ್ ಭಾಗ) ಬಗ್ಗೆ ಓದಲು ಶುರು ಮಾಡಿದ್ದೇನೆ. ಫಿಫೋದಲ್ಲಿ ಅತಿ ಹೆಚ್ಚಿನ 99 ಆದ್ಯತೆ ಕೊಟ್ಟರೆ ಸಾಕಲ್ವಾ? ಡೆಡ್‌ಲೈನ್ ಯಾಕೆ ಬೇಕು?

ಗಡುವು ಗಣಿತ

ಒಳ್ಳೆಯ ಪ್ರಶ್ನೆ ಮೇಡಂ. ಒಂದೇ ಮುಖ್ಯ ಥ್ರೆಡ್ ಇದ್ದರೆ ಫಿಫೋ ಸಾಕು. ಐದು ಇದ್ದಾಗ ಯಾರಿಗೆ 99, ಯಾರಿಗೆ 98 ಅನ್ನುವುದೇ ತಲೆನೋವು. ಆದ್ಯತೆ ಸಂಖ್ಯೆಯಲ್ಲಿ ಸಮಯದ ಸುಳಿವೇ ಇಲ್ಲ. ನಿಮಗೆ ಗೊತ್ತಿರುವುದು ‘ಇದು 10 ಮಿ.ಸೆ. ಒಳಗೆ ಮುಗಿಯಬೇಕು’ ಎಂಬುದು. ಅದನ್ನೇ ನೇರವಾಗಿ ಕರ್ನಲ್‌ಗೆ ಹೇಳಲು ಆಗುವುದು ಡೆಡ್‌ಲೈನ್‌ನಲ್ಲಿ ಮಾತ್ರ.

ಮೂಲ ವಿಚಾರ ಹಳೆಯದು. ಯಾರ ಗಡುವು ಹತ್ತಿರ ಇದೆಯೋ ಅವರನ್ನು ಮೊದಲು ಓಡಿಸು, ಅಷ್ಟೇ. ಇದಕ್ಕೆ ಇಡಿಎಫ್ (ಅರ್ಲಿಯೆಸ್ಟ್ ಡೆಡ್‌ಲೈನ್ ಫಸ್ಟ್) ಎನ್ನುತ್ತಾರೆ. ಒಂದೇ ಪ್ರೊಸೆಸರ್ ಇದ್ದು, ಗಡುವು ಮತ್ತು ಪೀರಿಯಡ್ ಒಂದೇ ಆಗಿದ್ದರೆ, ಒಟ್ಟು ಬಳಕೆ ಶೇ. 100 ಆಗುವವರೆಗೂ ಯಾರ ಗಡುವೂ ತಪ್ಪುವುದಿಲ್ಲ ಎಂದು ಲಿಯು ಮತ್ತು ಲೇಲ್ಯಾಂಡ್ 1973ರಲ್ಲೇ ತೋರಿಸಿದರು. ಸ್ಥಿರ ಆದ್ಯತೆಯಲ್ಲಿ ಆ ಖಾತರಿ ಇಲ್ಲ. ಟಾಸ್ಕ್‌ಗಳು ಹೆಚ್ಚಾದ ಹಾಗೆ ಖಾತರಿಯ ಮಿತಿ ಸುಮಾರು ಶೇ. 69ಕ್ಕೆ ಇಳಿಯುತ್ತದೆ.

ಆದರೆ ಬರೀ ಇಡಿಎಫ್‌ಗೆ ಒಂದು ಅಪಾಯ ಇದೆ. ಒಬ್ಬ ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ಓಡಿದರೆ ಎಲ್ಲರ ಗಡುವೂ ಕೆಡುತ್ತದೆ. ಅದನ್ನು ತಡೆಯಲು 1998ರಲ್ಲಿ ಲೂಕಾ ಅಬೆನಿ ಮತ್ತು ಜಾರ್ಜಿಯೋ ಬುಟಾಝೋ ಸಿಬಿಎಸ್ (ಕಾನ್‌ಸ್ಟಂಟ್ ಬ್ಯಾಂಡ್‌ವಿಡ್ತ್ ಸರ್ವರ್) ಎಂಬ ವಿಧಾನ ಕೊಟ್ಟರು. ಪ್ರತಿ ಟಾಸ್ಕ್‌ಗೂ ಒಂದು ಬಜೆಟ್. ಮುಗಿದರೆ ಮುಂದಿನ ಪೀರಿಯಡ್‌ವರೆಗೆ ನಿಲ್ಲಿಸು. ಇವೆರಡೂ ಸೇರಿದ್ದೇ ಲಿನಕ್ಸ್‌ನ ಶೆಡ್_ಡೆಡ್‌ಲೈನ್. 2014ರಲ್ಲಿ 3.14 ಕರ್ನಲ್‌ನಲ್ಲಿ ಬಂತು. ಇದು ಫಿಫೋ 99ಕ್ಕಿಂತಲೂ ಮೇಲಿನ ದರ್ಜೆ.

ಕೋರ್ ಎಣಿಕೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಲೂಪ್ ಬರೆಯುವವರೇ, ನಿಮಗೆ ಕೋರ್‌ಗೆ ಕಟ್ಟುವ ಅಗತ್ಯ ನಿಜವಾಗಿಯೂ ಇದೆಯಾ? ಸುಮ್ನೆ ಅಭ್ಯಾಸದಿಂದ ಕಟ್ಟುವವರು ತುಂಬಾ ಜನ.

ಹಲವು ಕೋರ್‌ಗಳಿದ್ದಾಗ ಕರ್ನಲ್ ಡೊಮೇನ್ ಒಳಗೆ ಜಾಗತಿಕ ಇಡಿಎಫ್ ನಡೆಸುತ್ತದೆ. ಎದ್ದ ಟಾಸ್ಕ್‌ಗೆ ತನ್ನ ಕೋರ್ ಸಿಗದಿದ್ದರೆ, ಖಾಲಿ ಇರುವ ಕೋರ್‌ಗೆ ಅಥವಾ ದೂರದ ಗಡುವಿನವರು ಓಡುತ್ತಿರುವ ಕೋರ್‌ಗೆ ತಳ್ಳುತ್ತದೆ. ಅಲ್ಲಿ ಶೇ. 100ರ ಸುಂದರ ಖಾತರಿ ಇಲ್ಲ, ನಿಜ. ಧಾಲ್ ಮತ್ತು ಲಿಯು 1978ರಲ್ಲಿ ತೋರಿಸಿದ ಉದಾಹರಣೆ ನಿಮ್ಮ ನಾಲ್ಕು ಕೋರ್‌ಗೆ ಹೊಂದಿಸಿ ಹೇಳುತ್ತೇನೆ. 99 ಮಿ.ಸೆ.ಗೆ 1 ಮಿ.ಸೆ. ಬೇಕಾದ ನಾಲ್ಕು ಚಿಕ್ಕ ಟಾಸ್ಕ್‌ಗಳು. 100 ಮಿ.ಸೆ.ಗೆ ಪೂರ್ತಿ 100 ಬೇಕಾದ ಒಂದು ದೊಡ್ಡದು. ಎಲ್ಲರೂ ಒಟ್ಟಿಗೆ ಎದ್ದರು. ಚಿಕ್ಕವರ ಗಡುವು ಹತ್ತಿರ, ಆದ್ದರಿಂದ ನಾಲ್ಕೂ ಕೋರ್ ಅವರಿಗೆ. ದೊಡ್ಡದು 1ನೇ ಮಿ.ಸೆ.ನಲ್ಲಿ ಶುರುವಾಗಿ 101ಕ್ಕೆ ಮುಗಿಯುತ್ತದೆ. ಗಡುವು ತಪ್ಪಿತು. ಒಟ್ಟು ಬಳಕೆ ಎಷ್ಟು? 4ರಲ್ಲಿ ಬರೀ 1.04!

ಆದ್ದರಿಂದ ಕರ್ನಲ್ ಒಪ್ಪಿತು ಅಂದಮಾತ್ರಕ್ಕೆ ಗಡುವು ತಪ್ಪುವುದಿಲ್ಲ ಅಂತಲ್ಲ. ನಾವೇ ಇನ್ನೊಂದು ಲೆಕ್ಕ ಮಾಡಿಕೊಳ್ಳಬೇಕು. ಕೋರ್‌ಗಳ ಸಂಖ್ಯೆ ಎಂ, ಅತಿ ಭಾರದ ಟಾಸ್ಕ್‌ನ ಬಳಕೆ ಯು ಆದರೆ, ಒಟ್ಟು ಬಳಕೆ ‘ಎಂ ಕಳೆ (ಎಂ ಕಳೆ 1) ಗುಣಿಸು ಯು’ ಒಳಗಿದ್ದರೆ ಯಾವ ಗಡುವೂ ತಪ್ಪುವುದಿಲ್ಲ.

ನಿಮ್ಮದು ನೋಡೋಣ. ಅತಿ ಭಾರದ್ದು ಕ್ಯಾಮೆರಾ, 20 ಭಾಗಿಸು 33, ಅಂದರೆ 0.606. ಮಿತಿ 4 ಕಳೆ 1.818, ಅಂದರೆ 2.182. ನಿಮ್ಮ ಒಟ್ಟು: ಮೋಟಾರ್ 0.2, ಕ್ಯಾಮೆರಾಗಳು 1.818, ವರದಿ 0.05. ಮೊತ್ತ 2.068. ಮಿತಿಯ ಒಳಗೇ ಇದೆ! ಏನೂ ಕಟ್ಟದೆ, ನಾಲ್ಕೂ ಕೋರ್ ಬಿಟ್ಟುಕೊಟ್ಟರೆ ಎಲ್ಲ ಗಡುವೂ ಉಳಿಯುತ್ತದೆ.

ಲೂಪ್ ಬರೆಯುವವ

ಸರ್, ಈ ಲೆಕ್ಕ ನೋಡಿ ತುಂಬಾ ಖುಷಿಯಾಯಿತು. ಕಟ್ಟದೆಯೇ ಓಡಿಸಿದೆ. ರನ್‌ಟೈಮ್ 2, ಡೆಡ್‌ಲೈನ್ 10, ಪೀರಿಯಡ್ 10. ಬಹುಪಾಲು ಚೆನ್ನಾಗಿದೆ. ಆದರೆ ಆಗಾಗ ಮೋಟಾರ್ ಥ್ರೆಡ್ ಒಂದು ಸುತ್ತು ಪೂರ್ತಿ ಹಿಂದೆ ಬೀಳುತ್ತದೆ. ಅಳೆದು ನೋಡಿದೆ. 2 ಮಿ.ಸೆ. ಅಂತ ನಾನು ಹೇಳಿದ್ದು ಸರಾಸರಿ. ಕೆಲವು ಸಲ 2.9ರವರೆಗೆ ಹೋಗುತ್ತದೆ.

ತಲೆಕೆಡಿಸಿದ್ದು ಇದು: ಕೆಲವು ಸಲ 2.9 ಮಿ.ಸೆ. ಓಡಿದರೂ ಕರ್ನಲ್ ತಡೆಯಲಿಲ್ಲ, ಕೆಲಸ ಮುಗಿಯಿತು. ಆದರೆ ಅದರ ಮುಂದಿನ ಸುತ್ತಿನಲ್ಲಿ, ಮಾಮೂಲಿ 2 ಮಿ.ಸೆ. ಕೆಲಸ ಇರುವಾಗ, ಮಧ್ಯದಲ್ಲೇ ನಿಲ್ಲಿಸಿಬಿಟ್ಟಿತು. ತಪ್ಪು ಮಾಡಿದ್ದು ಒಂದು ಸುತ್ತು, ಶಿಕ್ಷೆ ಇನ್ನೊಂದಕ್ಕೆ. ಯಾಕೆ ಹೀಗೆ?

ಹಳೆ ಟರ್ಮಿನಲ್

ನಿಮ್ಮ ಅಳತೆ ಸರಿಯಾಗಿದೆ. ಬಜೆಟ್ ಮುಗಿದ ಕ್ಷಣದಲ್ಲೇ ಹಿಡಿಯಬೇಕಾದರೆ ಕರ್ನಲ್‌ನಲ್ಲಿ ‘ಎಚ್‌ಆರ್‌ಟಿಕ್’ ಎಂಬ ಸೂಕ್ಷ್ಮ ಟೈಮರ್ ಆನ್ ಆಗಿರಬೇಕು. ಎಷ್ಟೋ ಕರ್ನಲ್‌ಗಳಲ್ಲಿ ಅದು ಆಫ್ ಇರುತ್ತದೆ. ಆಗ ಬಜೆಟ್ ನೋಡುವುದು ಮಾಮೂಲಿ ಟಿಕ್ (ಕರ್ನಲ್‌ನ ನಿಯತ ಗಡಿಯಾರ ಮಿಡಿತ) ಬಂದಾಗ. 250 ಹರ್ಟ್ಸ್ ಕರ್ನಲ್ ಆದರೆ 4 ಮಿ.ಸೆ.ಗೊಮ್ಮೆ. ಎರಡು ಟಿಕ್‌ಗಳ ನಡುವೆ 2.9 ಮಿ.ಸೆ. ಆರಾಮಾಗಿ ಓಡಬಹುದು.

ಆದರೆ ಅದು ಪುಕ್ಕಟೆ ಅಲ್ಲ. ಸಾಲ. ಥ್ರೆಡ್ ನಿದ್ದೆಗೆ ಹೋಗುವಾಗ ಲೆಕ್ಕ ಆಗುತ್ತದೆ, ಬಜೆಟ್ ಮೈನಸ್ 0.9 ಇರುತ್ತದೆ. ಮುಂದಿನ ಪೀರಿಯಡ್‌ನಲ್ಲಿ 2 ಸೇರಿಸಿದರೆ ಉಳಿಯುವುದು 1.1. ಆಗ 2 ಮಿ.ಸೆ. ಕೆಲಸ ಬಂದರೆ 1.1ರ ನಂತರ ಯಾವಾಗ ಬೇಕಾದರೂ ನಿಲ್ಲಿಸಬಹುದು. ನೀವು ಕಂಡದ್ದು ಇದೇ.

ಎರಡು ಕೆಲಸ ಮಾಡಿ. ಡೀಬಗ್ ಫೈಲ್ ವ್ಯವಸ್ಥೆಯ ಶೆಡ್ಯೂಲರ್ ಫೀಚರ್ ಪಟ್ಟಿಯಲ್ಲಿ ಎಚ್‌ಆರ್‌ಟಿಕ್ (ಹೊಸ ಕರ್ನಲ್‌ಗಳಲ್ಲಿ ಎಚ್‌ಆರ್‌ಟಿಕ್_ಡಿಎಲ್) ಆನ್ ಇದೆಯಾ ನೋಡಿ. ಜೊತೆಗೆ ಪಾಲಿಸಿ ಕೊಡುವಾಗ ‘ಓವರ್‌ರನ್’ ಫ್ಲ್ಯಾಗ್ ಹಾಕಿ. 4.16ರಿಂದ ಇದೆ. ಬಜೆಟ್ ಮೀರಿದಾಗೆಲ್ಲ ನಿಮ್ಮ ಪ್ರೋಗ್ರಾಂಗೆ ಸಿಗ್ನಲ್ ಬರುತ್ತದೆ, ಊಹೆ ಮಾಡುವ ಕಷ್ಟ ಇರುವುದಿಲ್ಲ.

ಮುಖ್ಯವಾಗಿ, ರನ್‌ಟೈಮ್‌ಗೆ ಸರಾಸರಿ ಕೊಡಬೇಡಿ. ಅತಿ ಕೆಟ್ಟ ಅಳತೆ, ಅದರ ಮೇಲೆ ಸ್ವಲ್ಪ ಉಸಿರಾಡಲು ಜಾಗ. ನಾನಾದರೆ ಇಲ್ಲಿ 3.5 ಕೊಡುತ್ತೇನೆ. ಅಳೆಯುವಾಗ ಸಿಪಿಯು ವೇಗವನ್ನು ಒಂದೇ ಕಡೆ ನಿಲ್ಲಿಸಿ ಅಳೆಯಿರಿ, ಇಲ್ಲದಿದ್ದರೆ ಸಂಖ್ಯೆ ನಂಬಲು ಆಗುವುದಿಲ್ಲ.

ಕೋರ್ ಎಣಿಕೆ

3.5 ಕೊಟ್ಟರೆ ನನ್ನ ಲೆಕ್ಕ ಕೆಡುತ್ತದೆ. ಮೋಟಾರ್ 0.35 ಆಯಿತು. ಮೊತ್ತ 2.218. ಮಿತಿ 2.182. ಸ್ವಲ್ಪದರಲ್ಲೇ ಹೊರಗೆ. ಈ ಪರೀಕ್ಷೆ ತುಂಬಾ ಎಚ್ಚರಿಕೆಯದ್ದು, ಫೇಲ್ ಆದರೆ ಗಡುವು ತಪ್ಪಿಯೇ ತಪ್ಪುತ್ತದೆ ಅಂತಲ್ಲ. ಆದರೆ ಖಾತರಿ ಹೋಯಿತು. ಮೋಟಾರ್ ವಿಷಯದಲ್ಲಿ ‘ಬಹುಶಃ’ ಅನ್ನಲು ನನಗೆ ಧೈರ್ಯ ಇಲ್ಲ. ಈಗ ಡೊಮೇನ್ ಒಡೆಯುವುದೇ ಸರಿ.

ಲೂಪ್ ಬರೆಯುವವ

ಇನ್ನೊಂದು ಹೇಳಲು ಮರೆತಿದ್ದೆ ಸರ್. ನಿಜವಾಗಿ ಮೋಟಾರ್‌ಗೆ ಹೊಸ ಬೆಲೆ 5 ಮಿ.ಸೆ. ಒಳಗೇ ಹೋದರೆ ಒಳ್ಳೆಯದು. ಡೆಡ್‌ಲೈನ್ 5, ಪೀರಿಯಡ್ 10 ಇಡಬಹುದಾ?

ಗಡುವು ಗಣಿತ

ಇಡಬಹುದು. ರನ್‌ಟೈಮ್ ಡೆಡ್‌ಲೈನ್‌ಗಿಂತ, ಡೆಡ್‌ಲೈನ್ ಪೀರಿಯಡ್‌ಗಿಂತ ದೊಡ್ಡದಾಗಬಾರದು ಅಷ್ಟೇ. ಆದರೆ ಇಲ್ಲಿ ಎಚ್ಚರ ಬೇಕು. ಒಪ್ಪಿಗೆ ಕೊಡುವಾಗ ಕರ್ನಲ್ ನೋಡುವುದು ರನ್‌ಟೈಮ್ ಭಾಗಿಸು ಪೀರಿಯಡ್ ಮಾತ್ರ, 0.35. ಗಡುವು ಬಿಗಿಯಾಗಿದೆ ಅನ್ನುವುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ನೀವು ನಿಮ್ಮ ಹಾಳೆಯಲ್ಲಿ ಡೆಡ್‌ಲೈನ್‌ನಿಂದ ಭಾಗಿಸಿ: 3.5 ಭಾಗಿಸು 5, ಅಂದರೆ 0.7. ನಾಲ್ಕು ಕೋರ್‌ಗಳ ಒಂದೇ ಡೊಮೇನ್‌ನಲ್ಲಿ ಹೀಗೆ ಲೆಕ್ಕ ಹಾಕಿದರೆ ಮಿತಿ 1.9ಕ್ಕೆ ಇಳಿಯುತ್ತದೆ, ಮೊತ್ತ 2.568ಕ್ಕೆ ಏರುತ್ತದೆ. ದೂರದ ಮಾತು.

ಅದೇ 3ನೇ ಕೋರನ್ನು ಒಂಟಿ ಡೊಮೇನ್ ಮಾಡಿ, ಅಲ್ಲಿ ಮೋಟಾರ್ ಮತ್ತು ವರದಿ ಮಾತ್ರ ಇಡಿ. 0.7ಕ್ಕೆ 0.05 ಸೇರಿದರೆ 0.75. ಒಂದೇ ಕೋರ್‌ನಲ್ಲಿ ಇದು 1ರ ಒಳಗಿದ್ದರೆ ಇಡಿಎಫ್ ಯಾರ ಗಡುವನ್ನೂ ತಪ್ಪಿಸುವುದಿಲ್ಲ. ಮೋಟಾರ್‌ಗೆ ಬೇಕಾದ ಗಟ್ಟಿ ಮಾತು ಇಲ್ಲಿ ಸಿಗುತ್ತದೆ.

ಕ್ಯಾಮೆರಾಗಳನ್ನು 1 ಮತ್ತು 2ನೇ ಕೋರ್‌ಗಳ ಇನ್ನೊಂದು ಡೊಮೇನ್‌ಗೆ ಹಾಕಿ. ಮೊತ್ತ 1.818, ಮಿತಿ 1.9, ಕರ್ನಲ್ ಒಪ್ಪುತ್ತದೆ. 0ನೇ ಕೋರ್ ಮಿಕ್ಕ ಎಲ್ಲರಿಗೂ.

ಹೊಸ ಓದುಗಿ

ಒಂದು ಅನುಮಾನ. ಎರಡು ಕೋರ್‌ಗೆ ಮೂರು ಕ್ಯಾಮೆರಾ. ಮೂರೂ ಒಟ್ಟಿಗೆ ಎದ್ದರೆ ಎರಡು ಓಡುತ್ತವೆ, ಮೂರನೆಯದು 20ಕ್ಕೆ ಶುರುವಾಗಿ 40ಕ್ಕೆ ಮುಗಿಯುತ್ತದೆ. ಗಡುವು 33. ಅಂದರೆ 7 ಮಿ.ಸೆ. ತಡ ಅಲ್ವಾ?

ಗಡುವು ಗಣಿತ

ಸರಿಯಾಗಿ ಹಿಡಿದಿರಿ! ಹೌದು, ತಡ ಆಗುತ್ತದೆ. ಪ್ರತಿ ಕ್ಯಾಮೆರಾವನ್ನೂ ಒಂದೊಂದು ಕೋರ್‌ಗೆ ಕಟ್ಟಿ ತಪ್ಪಿಸೋಣ ಅಂದರೆ ಅದೂ ಆಗದು. ಶೇ. 60ರ ಮೂರು ಗಂಟುಗಳನ್ನು ಎರಡು ಪೆಟ್ಟಿಗೆಗೆ ಹಂಚಲು ಆಗುವುದಿಲ್ಲ, ಒಂದು ಪೆಟ್ಟಿಗೆಗೆ ಎರಡು ಬಂದೇ ಬರುತ್ತವೆ. ಜಾಗತಿಕ ಇಡಿಎಫ್‌ನ ಉಪಕಾರ ಕಾಣುವುದು ಇಲ್ಲಿ. ಗಡುವು ಉಳಿಯುವ ಖಾತರಿ ಇಲ್ಲದಿದ್ದರೂ ತಡಕ್ಕೆ ಒಂದು ಮೇಲ್ಮಿತಿ ಇರುತ್ತದೆ, ಅದು ಬೆಳೆಯುತ್ತಾ ಹೋಗುವುದಿಲ್ಲ. ಕರ್ನಲ್ ದಾಖಲೆಯಲ್ಲಿ ಸೂತ್ರ ಇದೆ. ಈ ಎರಡು ಕೋರ್, ಮೂರು ಸಮಾನ ಟಾಸ್ಕ್‌ಗಳಿಗೆ ಹಾಕಿದರೆ ಬರುವುದು 20 ಮಿ.ಸೆ. ಅಂದರೆ ಯಾವ ಫ್ರೇಮೂ ತನ್ನ ಗಡುವಿಗಿಂತ 20 ಮಿ.ಸೆ.ಗಿಂತ ಜಾಸ್ತಿ ತಡ ಆಗದು. ಫ್ರೇಮ್‌ಗೆ ಅದು ನಡೆಯುತ್ತದಾ ಅನ್ನುವುದನ್ನು ಲೂಪ್ ಬರೆಯುವವರೇ ಹೇಳಬೇಕು.

ಲೂಪ್ ಬರೆಯುವವ

ನಡೆಯುತ್ತದೆ ಸರ್. ಎರಡು ಫ್ರೇಮಿನ ಬಫರ್ ಇದೆ.

ಹಳೆ ಟರ್ಮಿನಲ್

ಹಾಗಾದರೆ ಮಾಡುವ ಕ್ರಮ ಹೇಳುತ್ತೇನೆ. ಸಿಗ್ರೂಪ್ (ಪ್ರಕ್ರಿಯೆಗಳನ್ನು ಗುಂಪು ಮಾಡುವ ಕರ್ನಲ್ ವ್ಯವಸ್ಥೆ) 2ನೇ ಆವೃತ್ತಿ ಅಂದುಕೊಂಡಿದ್ದೇನೆ. ಮೊದಲು ಮೂಲ ಸಿಗ್ರೂಪ್‌ನಲ್ಲಿ ಸಿಪಿಯುಸೆಟ್ ನಿಯಂತ್ರಕವನ್ನು ಅದರ ಕೆಳಗಿನ ಗುಂಪುಗಳಿಗೆ ಆನ್ ಮಾಡಿ. ಅದರ ಕೆಳಗೆ ಹೊಸ ಡೈರೆಕ್ಟರಿ ಮಾಡಿ, ಸಿಪಿಯು ಪಟ್ಟಿಗೆ 3 ಎಂದು ಬರೆಯಿರಿ. ಆಮೇಲೆ ‘ಸಿಪಿಯುಸೆಟ್.ಸಿಪಿಯುಸ್.ಪಾರ್ಟಿಶನ್’ ಫೈಲ್‌ಗೆ ‘ರೂಟ್’ ಎಂದು ಬರೆಯಿರಿ. ಬರೆದ ಮೇಲೆ ಅದನ್ನು ಓದಿ ನೋಡಲೇಬೇಕು. ಆಗದಿದ್ದರೆ ‘ರೂಟ್ ಇನ್‌ವ್ಯಾಲಿಡ್’ ಎಂದು ಕಾರಣದ ಸಮೇತ ತೋರಿಸುತ್ತದೆ. ಬರೆಯುವಾಗ ದೋಷ ಬರಲಿಲ್ಲ ಅಂತ ನಂಬಿ ಮುಂದೆ ಹೋದವರು ತುಂಬಾ ಜನ ಇದ್ದಾರೆ. ನಾನೂ ಒಮ್ಮೆ ಹಾಗೇ ಅರ್ಧ ದಿನ ಕಳೆದಿದ್ದೇನೆ.

ಸರಿಯಾಗಿದ್ದರೆ ಪ್ರಕ್ರಿಯೆಯನ್ನು ಒಳಗೆ ಸೇರಿಸಿ, ಕೊನೆಗೆ ಡೆಡ್‌ಲೈನ್ ಪಾಲಿಸಿ ಕೊಡಿ. ಟಾಸ್ಕ್‌ಸೆಟ್ ಎಲ್ಲೂ ಬೇಡ. 1 ಮತ್ತು 2ಕ್ಕೂ ಹೀಗೇ ಇನ್ನೊಂದು. ಮೋಟಾರ್ ಮತ್ತು ಕ್ಯಾಮೆರಾ ಒಂದೇ ಪ್ರೋಗ್ರಾಮಿನ ಥ್ರೆಡ್‌ಗಳಾಗಿದ್ದರೆ ಮೊದಲು ಬೇರೆ ಬೇರೆ ಪ್ರಕ್ರಿಯೆ ಮಾಡಿಕೊಳ್ಳಿ, ಕೆಲಸ ಸಲೀಸು.

ಇನ್ನೆರಡು ವಿಷಯ. ಪಾರ್ಟಿಶನ್ ಮಾಡಿದರೆ ಟಾಸ್ಕ್‌ಗಳು ಬೇರೆ ಆಗುತ್ತವೆ, ಆದರೆ ಇಂಟರಪ್ಟ್‌ಗಳು (ಹಾರ್ಡ್‌ವೇರ್‌ನಿಂದ ಬರುವ ಕರೆಗಳು) ಅಲ್ಲೇ ಬರುತ್ತಿರುತ್ತವೆ. ಅವುಗಳ ಅಫಿನಿಟಿಯನ್ನು ನೀವೇ 0ನೇ ಕೋರ್‌ಗೆ ತಿರುಗಿಸಬೇಕು. ಎರಡನೆಯದು, ಡೆಡ್‌ಲೈನ್ ಥ್ರೆಡ್ ಹೊಸ ಥ್ರೆಡ್ ಹುಟ್ಟಿಸಲು ಹೋದರೆ ಸೋಲುತ್ತದೆ, ‘ಫೋರ್ಕ್‌ನಲ್ಲಿ ರೀಸೆಟ್’ (ಹುಟ್ಟುವ ಥ್ರೆಡ್‌ಗೆ ಮಾಮೂಲಿ ಪಾಲಿಸಿ ಕೊಡುವ) ಫ್ಲ್ಯಾಗ್ ಇಲ್ಲದಿದ್ದರೆ. ಸಹಾಯಕ ಥ್ರೆಡ್‌ಗಳನ್ನೆಲ್ಲ ಮೊದಲೇ ಹುಟ್ಟಿಸಿಬಿಡಿ.

ಲೂಪ್ ಬರೆಯುವವ

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ತಡಕ್ಕೆ ಕ್ಷಮೆ ಇರಲಿ. ಮೊದಲ ಸಲ ನನಗೂ ‘ಇನ್‌ವ್ಯಾಲಿಡ್’ ಬಂತು. ಹಿಂದಿನ ಪ್ರಯೋಗದ ಒಂದು ಸಿಗ್ರೂಪ್‌ನ ಪಟ್ಟಿಯಲ್ಲೂ 3ನೇ ಕೋರ್ ಉಳಿದುಕೊಂಡಿತ್ತು. ಅದನ್ನು ಅಳಿಸಿದ ಕೂಡಲೇ ಸರಿಹೋಯಿತು. ಓದಿ ನೋಡಿ ಅಂತ ನೀವು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮೋಟಾರ್ 3.5, 5, 10. ಎಚ್‌ಆರ್‌ಟಿಕ್ ಆನ್. ಇಂಟರಪ್ಟ್‌ಗಳು 0ಗೆ. ಒಂದು ರಾತ್ರಿ ಪೂರ್ತಿ ಓಡಿಸಿದೆ. ಓವರ್‌ರನ್ ಸಿಗ್ನಲ್ ಒಂದೂ ಬರಲಿಲ್ಲ. ಮೋಟಾರ್‌ನ ಗಡುವು ಒಮ್ಮೆಯೂ ತಪ್ಪಲಿಲ್ಲ. ಕ್ಯಾಮೆರಾ ಫ್ರೇಮ್‌ಗಳಲ್ಲಿ ಕೆಲವು ತಡ ಆದವು, 20 ಮಿ.ಸೆ. ಒಳಗೇ.

ಕೊನೆಗೆ ಒಂದು ಪರೀಕ್ಷೆ ಮಾಡಿದೆ. ಮೋಟಾರ್ ಓಡುತ್ತಿರುವಾಗಲೇ 3ನೇ ಕೋರನ್ನು ಆಫ್‌ಲೈನ್ ಮಾಡಲು ಹೋದೆ. ಮತ್ತೆ ಅದೇ ‘ಬ್ಯುಸಿ’. ಈ ಸಲ ಆ ದೋಷ ನೋಡಿ ನೆಮ್ಮದಿಯಾಯಿತು.

ಹಳೆ ಟರ್ಮಿನಲ್

ಹೌದು, ತಾನು ಮಾತು ಕೊಟ್ಟ ಟಾಸ್ಕ್ ಒಳಗಿರುವಾಗ ಕರ್ನಲ್ ಕೋರ್ ಬಿಟ್ಟುಕೊಡುವುದಿಲ್ಲ. ಮೋಟಾರ್ ನಿಲ್ಲಿಸಿ ಮತ್ತೆ ಪ್ರಯತ್ನಿಸಿ, ಆಫ್‌ಲೈನ್ ಆಗುತ್ತದೆ.